ದೊಡ್ಡಪ್ಪನ ಎರಡು ಅರ್ಧಗಳು

ಜೂನ್ ೧೪, ಭಾನುವಾರ

ಕಾದಂಬರಿಯ ಆ ದೊಡ್ಡಪ್ಪನ ಮೇಲೆ ಇವತ್ತು ಇಡೀ ದಿನ ಸಿಟ್ಟು. ದಪ್ಪ ಪುಸ್ತಕ ತಂದರೆ ನನಗೂ ಅಕ್ಕನಿಗೂ ಸರದಿ ಕಾಯುವ ತಾಳ್ಮೆ ಇಲ್ಲ. ಪುಸ್ತಕದ ಬೆನ್ನಿಗೆ ಬ್ಲೇಡು ಹಾಕಿ ಎರಡು ಮಾಡಿಕೊಳ್ಳುತ್ತೇವೆ. ಈ ಸಲ ಮೊದಲರ್ಧ ಅವಳಿಗೆ, ಕೊನೆಯರ್ಧ ನನಗೆ. ನನ್ನ ಪಾಲಿನ ದೊಡ್ಡಪ್ಪ ಹಾಸಿಗೆ ಹಿಡಿದ ಮುದುಕ, ಯಾರೂ ಹತ್ತಿರ ಸುಳಿಯುವುದಿಲ್ಲ. ಹೋದ ವಾರ ಅದನ್ನು ಓದಿ ಅತ್ತುಬಿಟ್ಟೆ. ಅಕ್ಕ ಮಾತ್ರ, “ಅವನಿಗೆ ಹಾಗೇ ಆಗ್ಬೇಕು. ತಮ್ಮನ ಮಕ್ಕಳನ್ನ ಬೀದಿಗೆ ತಳ್ಳಿದೋನು,” ಎಂದಳು. “ನಿಂದು ಕಲ್ಲು ಮನಸ್ಸು,” ಎಂದೆ. ಅಲ್ಲಿಂದ ಇಬ್ಬರೂ ಮಾತು ಬಿಟ್ಟೆವು. ಅರ್ಧಗಳು ಅದಲು ಬದಲಾದದ್ದೂ ಭಾವನ ಕೈಯಿಂದಲೇ.

ಇವತ್ತು ಅವಳ ಅರ್ಧ ಮುಗಿಸಿದೆ. ಆ ಮನುಷ್ಯನ ಕತ್ತು ಹಿಸುಕಬೇಕು ಅನ್ನಿಸಿತು. ಸೋಲು ಒಪ್ಪಿಕೊಳ್ಳೋಣವೆಂದು ಫೋನ್ ಮಾಡಿದರೆ ಅಕ್ಕ ಮೂಗೆಳೆಯುತ್ತ, “ಪಾಪ ಕಣೇ, ಒಂದು ಲೋಟ ನೀರು ಕೊಡೋರಿಲ್ಲ ಅವನಿಗೆ,” ಎಂದಳು. ಮತ್ತೆ ಜಗಳ. ಕಿವಿ ಬಿಸಿಯಾಗುವವರೆಗೆ ಇಬ್ಬರೂ ಫೋನ್ ಇಡಲಿಲ್ಲ.

ಮುಂದಿನ ತಿಂಗಳು ಅದೇ ಲೇಖಕಿಯ ಹೊಸ ಕಾದಂಬರಿ ಬರುತ್ತದಂತೆ, ತೆಳ್ಳಗಿನದು. “ಅದನ್ನ ಕೊಯ್ಯೋದು ಬೇಡ. ಬಾ, ಒಟ್ಟಿಗೆ ಕೂತು ಓದೋಣ,” ಎಂದಳು ಅಕ್ಕ. ಅವಳು ನನಗಿಂತ ಬೇಗ ಪುಟ ತಿರುಗಿಸುತ್ತಾಳೆ. ಅದಕ್ಕೊಂದು ಜಗಳ ಕಾದಿದೆ. ಕಾದಿರಲಿ.