ಹಿಂದಕ್ಕೆ ತೆಗೆದ ಕಾರು

ರೀ,

ಇವತ್ತು ನಿಮ್ಮ ಕಾರನ್ನು ಪಕ್ಕದ ಮನೆಯ ಕಾಂಪೌಂಡಿಗೆ ಗುದ್ದಿದೆ. ನೀವು ಓದುವುದಿಲ್ಲವೆಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ನೀವು ಹೋದಮೇಲೆ ನಾನೇ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡೆ. ಹದಿನಾರರ ನಿಮ್ಮ ಮಗಳು ತನಗೂ ಕಲಿಸೆಂದು ದಿನಾ ಪ್ರಾಣ ತಿನ್ನುತ್ತಾಳೆ. ಬೆಳಿಗ್ಗೆಯೂ ಅದೇ ರಾಗ. "ಈ ವಯಸ್ಸಿಗೆ ಬುದ್ಧಿ ಬಲಿತಿರಲ್ಲ ಕಣೇ" ಎಂದು ಗದರಿಸಿ, ಹಿಂದೆ ನಿಂತು ದಾರಿ ನೋಡಲು ಹೇಳಿ, ರಿವರ್ಸ್ ತೆಗೆದೆ.

"ಅಮ್ಮಾ, ಬ್ರೇಕು! ಬ್ರೇಕು!" ಎಂದು ಅವಳು ಪಕ್ಕಕ್ಕೆ ಹಾರಿ ಕಿರುಚುವಷ್ಟರಲ್ಲಿ ಧಡಾರ್! ಗೋಡೆಯ ಮೇಲಿನ ಹೂಕುಂಡಗಳೆಲ್ಲ ನೆಲ ಕಂಡವು.

ನಾನು ಇಳಿದು ಮಗಳ ಪಕ್ಕ ನಿಲ್ಲುವುದಕ್ಕೂ, ಆ ಮನೆಯ ಹಲ್ಲಿನ ಡಾಕ್ಟರು ಕೆನ್ನೆಯ ತುಂಬ ಶೇವಿಂಗ್ ನೊರೆಯೊಂದಿಗೆ ಓಡಿಬರುವುದಕ್ಕೂ ಸರಿಹೋಯಿತು. ಬಂದವರೇ ಅವಳ ಮೇಲೆ ಹರಿಹಾಯ್ದರು.

"ಇಷ್ಟು ಚಿಕ್ಕವರ ಕೈಗೆ ಕಾರು ಕೊಟ್ರೆ ಇನ್ನೇನಾಗುತ್ತೆ?"

ಮಗಳು ವಿನಯದಿಂದ, "ನಿಜ ಅಂಕಲ್. ನಾನೂ ಎಷ್ಟೋ ಹೇಳ್ದೆ. ಅಮ್ಮ ಇನ್ನೂ ಚಿಕ್ಕವಳು, ಮಾತೇ ಕೇಳಲ್ಲ" ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಒಡೆದ ಕುಂಡಗಳ ಮುಖ ನೋಡಿದೆ. ಆಮೇಲೆ ಅವರು ನಕ್ಕ ರಭಸಕ್ಕೆ ಅರ್ಧ ನೊರೆ ನನ್ನ ಸೀರೆಗೆ ಹಾರಿತು.

ಸಂಜೆ ಮಗಳು ಕಾರಿನೊಳಗೆ ಬಗ್ಗಿ ನೋಡಿದಳು. "ನಿನ್ನ ಕಾಲು ಬ್ರೇಕಿಗೆ ಎಟಕೋದೇ ಕಷ್ಟ. ಸೀಟು ಅಪ್ಪ ಇಟ್ಕೊಂಡಿದ್ದ ಹಾಗೇ ಇದೆಯಲ್ಲಮ್ಮಾ?"

ಗೊತ್ತಿತ್ತು ರೀ. ಮೊದಲ ದಿನದಿಂದಲೂ ಗೊತ್ತಿತ್ತು. ಬೆನ್ನಿಗೆ ದಿಂಬು ಕೊಟ್ಟುಕೊಂಡು ಹೇಗೋ ಓಡಿಸುತ್ತಿದ್ದೆ.

ಅವಳೇ ಸೀಟನ್ನು ಮುಂದಕ್ಕೆ ಎಳೆದಳು. ನಾನು ಬೇಡವೆನ್ನಲಿಲ್ಲ.