ಮೀಟರ್ ಯಾರು ಓದೋದು

ಶಹಾಪುರ, ಗುರುವಾರ

ಅಕ್ಕಾ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮಂಚ, ಒಲೆ ಎಲ್ಲ ಇರುವ ಈ ಮನೆಗಾಡಿ ಕೊಂಡಾಗಿನಿಂದ ನಮ್ಮವರಿಗೆ ಗೇರ್‌ಬಾಕ್ಸಿನದೇ ಚಿಂತೆ. ಅದರ ಎಣ್ಣೆ ಎಷ್ಟು ಕಾದಿದೆ ಎಂದು ತೋರಿಸುವ ಮೀಟರನ್ನು ನನ್ನ ಸೀಟಿನ ಎದುರಿಗೇ ಅಂಟಿಸಿದ್ದಾರೆ. ಅವರು ಓಡಿಸಬೇಕು, ನಾನು ಅಂಕಿ ಕೂಗಬೇಕು.

ಇಲ್ಲಿಯ ಗುಡ್ಡಸಾಲು ಥೇಟ್ ಅಂಗಾತ ಮಲಗಿದ ಬುದ್ಧನ ಹಾಗಿದೆ. ಹಣೆ, ಮೂಗು ಗುರುತಿಸುವಷ್ಟರಲ್ಲಿ “ಎಷ್ಟಾಯ್ತು?” ಅಂದರು. ನೂರಹತ್ತು ಅಂದೆ. ಸುರಪುರಕ್ಕೆ ಹೊರಟಿದ್ದ ಗಾಡಿ ಅಲ್ಲೇ ನಿಂತಿತು, ಇವರು ಅದರಡಿ ತೂರಿಕೊಂಡರು.

ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಸುಂದ್ರಮ್ಮ ಎಂಬಾಕೆ ನೀರು ತಂದುಕೊಟ್ಟಳು. ನನ್ನ ಕೈ ತಾಗಿದ್ದೇ ತಡ, ಬಗ್ಗಿ ಇವರನ್ನು ಗದರಿದಳು: “ಗಾಡಿ ಬಿಸಿ ಆಗ್ಯದಂತ ನೋಡ್ಕೋತ ಬಿದ್ದೀರಲ್ರೀ, ಅಕ್ಕೋರ ಮೈ ಕೆಂಡ ಆಗ್ಯದ! ಮೊದ್ಲ ದವಾಖಾನಿಗಿ ಕರ್ಕೊಂಡು ಹೋಗ್ರಿ!”

ಮೈಕೈ ನೋವೆಂದು ನಾನು ನಿನ್ನೆಯಿಂದ ಹೇಳುತ್ತಲೇ ಇದ್ದೆ, ಅಕ್ಕಾ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಅಲೆದಾಟ ಬಿಟ್ಟು ಮನೆಗೆ ಹೋಗಿ ಮಲಗಿ ಎಂದರು. ಈಗ ಜ್ವರ ಇಳಿದಿದೆ, ಗಾಬರಿ ಬೇಡ.

ಯಾದಗಿರಿಯಿಂದ ರೈಲು ಹತ್ತಿ ನಿನ್ನ ಮನೆಗೆ ಹೋಗಲೇ ಎಂದು ಇವರನ್ನೇ ಕೇಳಿದೆ. ಬೇಡ ಅಂದಿದ್ದರೆ ಉಳಿಯುತ್ತಿದ್ದೆನೋ ಏನೋ. ಇವರು ಕೈಯ ಎಣ್ಣೆ ಒರೆಸಿಕೊಳ್ಳುತ್ತಾ, “ಹಾಗಾದ್ರೆ ಮೀಟರ್ ಯಾರು ಓದೋದು?” ಅಂದರು.

ನಾಳೆ ಹೊರಡುತ್ತೇನೆ. ಈ ಕಾರ್ಡಿಗಿಂತ ಮೊದಲು ನಾನೇ ಬಂದು ಬಾಗಿಲು ಬಡಿದರೆ, ಏನೂ ಕೇಳದೆ ಒಂದು ಲೋಟ ಗಂಜಿ ಕೊಡು.

ನಿನ್ನ ತಂಗಿ
ವನಮಾಲಾ