ಮ್ಯಾನೇಜ್ ಮಾಡುತ್ತೇನೆ ಅಂದವರಿಗೆ

ಕಟ್ಟಡದ ಮಾಲೀಕರಾದ ಅಣ್ಣನವರಿಗೆ, ಕೆಳಗಿನ ಅಂಗಡಿಯ ಟೈಲರಮ್ಮನ ನಮಸ್ಕಾರ.

ಹನ್ನೊಂದು ವರ್ಷದ ಹಿಂದೆ ಚಾವಣಿ ಸೋರಿದಾಗ "ನಾನು ಮ್ಯಾನೇಜ್ ಮಾಡ್ತೀನಿ ತಂಗಿ" ಅಂದಿರಿ. ಸಂಜೆಯೊಳಗೆ ಗಾರೆಯವನು ಬಂದ. ಹೋದ ವರ್ಷ ಮತ್ತೆ ಸೋರಿದಾಗ "ನೀವೇ ಮ್ಯಾನೇಜ್ ಮಾಡ್ಕೊಳ್ಳಿ" ಅಂದಿರಿ. ನಾನು ಬಕೆಟ್ ಇಟ್ಟುಕೊಂಡೆ. ಮೊನ್ನೆ ಮೆಟ್ಟಿಲ ಮೇಲೆ ನೀವು ನಿಮ್ಮ ಅಳಿಯಂದಿರಿಗೆ, "ನೀನು ಸುಮ್ನಿರು, ಆ ಟೈಲರಮ್ಮನ್ನ ನಾನು ಮ್ಯಾನೇಜ್ ಮಾಡ್ತೀನಿ" ಅಂದದ್ದು ಕಿವಿಗೆ ಬಿತ್ತು. ಸೋರುವ ಚಾವಣಿಯ ಜಾಗಕ್ಕೆ ಈಗ ನಾನು ಬಂದಂತಿದೆ.

ನಿನ್ನೆ ಅಳಿಯಂದಿರು ನನ್ನದೇ ಟೇಪು ಇಸಿದುಕೊಂಡು ಅಂಗಡಿಯ ಬಾಗಿಲು ಅಳೆದರು. "ಬಣ್ಣ ಹೊಡಿಸೋಕೆ ಅಕ್ಕಾ" ಅಂದರು. ಅಳತೆಯಲ್ಲೇ ಅನ್ನ ತಿನ್ನುವವಳು ನಾನು. ಬಣ್ಣಕ್ಕೆ ಬಾಗಿಲಿನ ಅಗಲ ಬೇಕಿಲ್ಲ; ಯಾರದೋ ದೊಡ್ಡ ಸಾಮಾನು ಒಳಗೆ ಬರುವುದಕ್ಕೆ ಬೇಕು.

ಅಂಗಡಿ ಬಿಡಿಸುವುದಾದರೆ ಹಾಗೆಂದೇ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕಳಿಸಿ. ಓದಿ ಉತ್ತರ ಕೊಡುತ್ತೇನೆ.

ಅಂದ ಹಾಗೆ, ನಿಮ್ಮ ಹೊಸ ಕೋಟಿಗೆ ಎಡತೋಳು ಇನ್ನೂ ಹಚ್ಚಿಲ್ಲ. ನಿಮ್ಮ ಕಾಗದ ಕೈಸೇರುವವರೆಗೆ ಒಂದೇ ತೋಳಿನಲ್ಲಿ ಮ್ಯಾನೇಜ್ ಮಾಡಿಕೊಳ್ಳಿ.

ಇಂತಿ,
ಸದ್ಯಕ್ಕೆ ಅದೇ ಅಂಗಡಿಯಲ್ಲಿರುವ
ನಿಮ್ಮ ಟೈಲರಮ್ಮ